ಎಷ್ಟು ಡೋಸ್ ಕೊಡಬೇಕು? ರಕ್ತದ ಕ್ಯಾನ್ಸರ್ ಔಷಧಗಳ ಮೊದಲ ಪರೀಕ್ಷೆ

ಲ್ಯಾಬ್‌ನಲ್ಲಿ ನಾವು ಯುಟಿಎಂ ಮೆಷಿನ್‌ಗೆ ಉಕ್ಕಿನ ಸರಳು ಸಿಕ್ಕಿಸಿ, ಅದು ತುಂಡಾಗೋವರೆಗೂ ಲೋಡ್ ಏರಿಸ್ತೀವಿ. ತುಂಡಾದ್ರೆ ಇನ್ನೊಂದು ಸರಳು ಇರುತ್ತೆ. ಹೊಸ ಔಷಧವನ್ನು ಮನುಷ್ಯರ ಮೇಲೆ ಹೀಗೆ ಪರೀಕ್ಷಿಸೋಕಾಗಲ್ಲ. ಹಾಗಾದ್ರೆ ಎಷ್ಟು ಡೋಸ್ ತಡೆದುಕೊಳ್ಳಬಹುದು ಅಂತ ತಿಳಿಯೋದು ಹೇಗೆ? ಫೇಸ್ 1 ಪರೀಕ್ಷೆಯ ಮುಖ್ಯ ಪ್ರಶ್ನೆ ಇದೇ.

ರಕ್ತದ ಕ್ಯಾನ್ಸರ್‌ನಲ್ಲಿ ಈ ಪರೀಕ್ಷೆಗೆ ಸೇರುವವರು ಸಾಮಾನ್ಯವಾಗಿ ಇದ್ದ ಚಿಕಿತ್ಸೆಗಳು ಫಲಿಸದ ರೋಗಿಗಳು. ಇಲ್ಲಿ ಹೆಚ್ಚು ಬಳಕೆಯಾದ ವಿಧಾನ '3+3'. ಮೊದಲು ಮೂವರಿಗೆ ಕಡಿಮೆ ಡೋಸ್. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಸ್ವಲ್ಪ ಹೆಚ್ಚು. ಒಬ್ಬರಿಗೆ ಆದರೆ, ಅದೇ ಡೋಸನ್ನು ಇನ್ನೂ ಮೂವರಿಗೆ ಕೊಟ್ಟು ನೋಡ್ತಾರೆ. ಇಬ್ಬರಿಗೆ ಆದರೆ ಡೋಸ್ ಏರಿಸೋದು ನಿಲ್ಲುತ್ತೆ. ಡೋಸ್ ಏರಿಸುವ ನಿರ್ಧಾರಕ್ಕೆ ಸಾಮಾನ್ಯವಾಗಿ ಮೊದಲ ಮೂರು-ನಾಲ್ಕು ವಾರಗಳ ತೊಂದರೆಗಳನ್ನೇ ಲೆಕ್ಕಕ್ಕೆ ಹಿಡೀತಾರೆ. ಈ ಅವಧಿಯನ್ನು ನೆನಪಿಟ್ಟುಕೊಳ್ಳೋಣ.

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಣುಕುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್ ಎಂಬ ಪ್ರೋಟೀನ್ ಹುಟ್ಟುತ್ತದೆ. ಇದು ಆಫ್ ಆಗದೆ ಉಳಿದ ಸ್ವಿಚ್ ಇದ್ದಂತೆ. ಬಿಳಿ ರಕ್ತಕಣಗಳು ಮಿತಿಯಿಲ್ಲದೆ ಹೆಚ್ಚುತ್ತವೆ. ಈ ಸ್ವಿಚ್ ಆರಿಸುವ ಇಮಾಟಿನಿಬ್ ಔಷಧದ ಫೇಸ್ 1 ಪರೀಕ್ಷೆ 1998ರಲ್ಲಿ ಅಮೆರಿಕದಲ್ಲಿ ಬ್ರಯಾನ್ ಡ್ರಕರ್ ನೇತೃತ್ವದಲ್ಲಿ ಶುರುವಾಯಿತು. ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದ 83 ರೋಗಿಗಳಿಗೆ ದಿನಕ್ಕೆ 25ರಿಂದ 1000 ಮಿಲಿಗ್ರಾಂವರೆಗೆ ಕೊಟ್ಟರು. 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಜನರಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಬಂತು. 1000ಕ್ಕೆ ಏರಿಸಿದರೂ 'ಇನ್ನು ಸಾಕು' ಅನ್ನುವ ಮಿತಿ ಸಿಗಲಿಲ್ಲ. ಆದರೂ ರೋಗದ ಆರಂಭದ ಹಂತಕ್ಕೆ ನಿಗದಿಯಾದದ್ದು ಬರೀ 400. ಕೆಲಸ ಆಗುವಷ್ಟು ಡೋಸ್ ಸಿಕ್ಕ ಮೇಲೆ ಮಿತಿಯವರೆಗೂ ಹೋಗಬೇಕಿಲ್ಲ.

ಮುಂದೆ ಕೆಲವರಲ್ಲಿ ಟಿ315ಐ ಎಂಬ ರೂಪಾಂತರ ಬಂದು ಇಮಾಟಿನಿಬ್ ನಾಟದಂತಾಯಿತು. ಅಂಥವರಿಗೂ ಕೆಲಸ ಮಾಡಿದ್ದು ಪೊನಾಟಿನಿಬ್. ಇದರ ಫೇಸ್ 1ರಲ್ಲಿ ಸಿಕ್ಕ ಗರಿಷ್ಠ ಮಿತಿ 45 ಮಿಲಿಗ್ರಾಂ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೂ ಅದೇ ಡೋಸ್‌ಗೆ. ತಿಂಗಳುಗಳು ಕಳೆದಂತೆ ಹಲವರ ರಕ್ತನಾಳಗಳು ಕಟ್ಟಿಕೊಂಡು ಹೃದಯಾಘಾತ, ಪಾರ್ಶ್ವವಾಯು ಕಾಣಿಸಿಕೊಂಡವು. 2013ರ ಅಕ್ಟೋಬರ್‌ನಲ್ಲಿ ಅಲ್ಲಿ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಮುಂದೆ ಕಟ್ಟುನಿಟ್ಟಿನ ಎಚ್ಚರಿಕೆಗಳೊಂದಿಗೆ ಔಷಧ ಮರಳಿತು. ಈಗ ಆರಂಭದ ಹಂತದ ಸಿಎಂಎಲ್‌ಗೆ 45ರಿಂದ ಶುರುಮಾಡಿ, ರೋಗ ಹತೋಟಿಗೆ ಬಂದ ಮೇಲೆ 15ಕ್ಕೆ ಇಳಿಸ್ತಾರೆ.

ನಿಧಾನವಾಗಿ ಬರುವ ಹಾನಿ ಕೆಲವು ವಾರಗಳ ಕಿಟಕಿಯಲ್ಲಿ ಕಾಣೋದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದೇ ಸಲ ಲೋಡ್ ಹಾಕಿ ಪಾಸಾದ ಸರಳು ಫಟೀಗ್ ಟೆಸ್ಟ್‌ನಲ್ಲಿ ಬಿರುಕು ಬಿಡಬಹುದು. 2021ರಲ್ಲಿ ಅಮೆರಿಕದ ಎಫ್‌ಡಿಎ 'ಪ್ರಾಜೆಕ್ಟ್ ಆಪ್ಟಿಮಸ್' ಶುರುಮಾಡಿತು. ಗರಿಷ್ಠ ಡೋಸ್ ಒಂದನ್ನೇ ಹಿಡಿದು ಹೊರಡದೆ, ಬೇರೆ ಬೇರೆ ಡೋಸ್‌ಗಳನ್ನು ಮೊದಲೇ ಹೋಲಿಸಿ ನೋಡಿ ಅನ್ನೋದು ಅದರ ಒತ್ತಾಯ. ಆ ಹೋಲಿಕೆಗೆ ಬೇಕಾದ ಗಣಿತ, ಪ್ರಾಬಬಿಲಿಟಿ, ಮಾಡೆಲಿಂಗ್ ನಮ್ಮ ಸಿಲಬಸ್‌ನಲ್ಲೇ ಇವೆ.