ನಶ್ಯದ ಡಬ್ಬಿಯ ಬೆಲೆ ಎಷ್ಟು?

ಆಸ್ತಿ ಎಂದ ಕೂಡಲೇ ಮಾರಿದರೆ ಎಷ್ಟು ಬರುತ್ತದೆ ಎಂದು ನೋಡುತ್ತೇವೆ. ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಮಾರುವಂತಿಲ್ಲ ಎನ್ನುವ ವಸ್ತುವಿಗೆ ಏನು ಬೆಲೆ ಬರೆಯುವುದು? ಹಳೆಯ ನಶ್ಯದ ಡಬ್ಬಿಗಳ ಬಗ್ಗೆ ಓದುವಾಗ ನನಗೆ ಈ ಪ್ರಶ್ನೆ ಎದ್ದಿತು.

ನಮ್ಮ ಮನೆಮಾತಿನಲ್ಲಿ ನಶ್ಯಕ್ಕೆ ‘ನಾಸ್’ ಎನ್ನುತ್ತಾರೆ. ಈ ಹೊಗೆಸೊಪ್ಪಿನ ಪುಡಿ ಒಣಗಿದರೆ ಘಾಟು ಹೋಗುತ್ತದೆ, ತೇವ ತಗುಲಿದರೆ ಗಂಟಾಗುತ್ತದೆ. ಹಾಗಾಗಿ ಬಿಗಿ ಮುಚ್ಚಳ ಬೇಕು. ಕರಾವಳಿಯ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುತ್ತದೆ, ಕೊಂಬು ಹಿಡಿಯುವುದಿಲ್ಲ. ಕೊಂಬಿನ ಒಳಗೆ ಪೊಳ್ಳೂ ಇರುತ್ತದೆ. ನಮ್ಮ ಉಗುರಿನಲ್ಲಿರುವ ಕೆರಟಿನ್ ಅದರಲ್ಲಿಯೂ ಇರುವುದರಿಂದ ಬಿಸಿ ಮಾಡಿದರೆ ಮೆತ್ತಗಾಗಿ ಬಾಗುತ್ತದೆ. ದಂತ ಹಾಗಲ್ಲ, ಅದು ಹಲ್ಲು, ಕೆತ್ತಲೇಬೇಕು. ನಮ್ಮ ಜಿಲ್ಲೆಯ ಗುಡಿಗಾರರು ಗಂಧದ ಜೊತೆ ದಂತವನ್ನೂ ಕೆತ್ತುತ್ತಿದ್ದರು. ಸ್ಕಾಟ್ಲೆಂಡಿನಲ್ಲಂತೂ ಟಗರಿನ ಇಡೀ ತಲೆಗೇ ನಶ್ಯದ ಡಬ್ಬಿ ಕೂರಿಸಿ, ಕೆಳಗೆ ಗಾಲಿ ಹಾಕಿ, ಊಟದ ಮೇಜಿನ ಮೇಲೆ ಒಬ್ಬರಿಂದ ಒಬ್ಬರಿಗೆ ಉರುಳಿಸುತ್ತಿದ್ದರು. ನನಗಾದರೆ ಊಟವೇ ಸೇರುತ್ತಿರಲಿಲ್ಲ.

ಇನ್ನು ಕಾನೂನು. 1972ರ 52ನೇ ಕಾಯ್ದೆ ಪುರಾತನ ವಸ್ತುಗಳದ್ದು, 53ನೇ ಕಾಯ್ದೆ ವನ್ಯಜೀವಿ ಸಂರಕ್ಷಣೆಯದ್ದು. ಮೊದಲನೆಯದರ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು. ಆದರೆ ಡಬ್ಬಿ ಎಷ್ಟೇ ಹಳೆಯದಾದರೂ ದಂತ ದಂತವೇ. ಭಾರತದ ಆನೆದಂತದ ವ್ಯಾಪಾರವನ್ನು 1986ರ ತಿದ್ದುಪಡಿ ನಿಲ್ಲಿಸಿತು, ಆಫ್ರಿಕದ ದಂತದ್ದನ್ನು 1991ರ ತಿದ್ದುಪಡಿ. ಹಿಂದೆಯೇ ಘೋಷಿಸಿ ಪ್ರಮಾಣಪತ್ರ ಪಡೆದವರು ಇಟ್ಟುಕೊಳ್ಳಬಹುದು. ಅವರ ನಂತರ ವಾರಸುದಾರರಿಗೆ ಹೋಗಬಹುದು, ಅವರೂ 90 ದಿನಗಳೊಳಗೆ ಘೋಷಿಸಬೇಕು. ಮಾರುವಂತಿಲ್ಲ. ಅಂದರೆ ವಾರಸು ಉಂಟು, ಮಾರುಕಟ್ಟೆ ಇಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಧರಿಸಿದ್ದಕ್ಕೆ ಕನ್ನಡದ ಟಿವಿ ಸ್ಪರ್ಧಿಯೊಬ್ಬರ ಬಂಧನವಾದದ್ದು ನಿಮಗೆಲ್ಲ ನೆನಪಿರಬಹುದು.

ಸುಮ್ಮನೆ ಕುತೂಹಲಕ್ಕೆ ಇದನ್ನೆಲ್ಲ ಹುಡುಕಿದ್ದಲ್ಲ. ಹಟ್ಟಿಕೇರಿಯ ನಮ್ಮ ಮನೆಯಲ್ಲಿ ದಾದಾ ಬಿಟ್ಟುಹೋದ ಕಪ್ಪು ಕೊಂಬಿನ ಡಬ್ಬಿಯೊಂದಿದೆ. ಹಳೆ ಸಾಮಾನು ಕೊಳ್ಳುವವರೊಬ್ಬರು ಬಂದು ಎರಡು ಸಾವಿರ ಕೊಡುತ್ತೇನೆ ಎಂದರು. ಅಬ್ಬಾಗೆ ನನ್ನ ಫೀಸಿನ ಚಿಂತೆ, ಕೊಟ್ಟುಬಿಡೋಣ ಎಂದರು. ಎಮ್ಮೆ ಕೊಂಬಾದರೆ ತೊಂದರೆಯಿಲ್ಲ, ಅದು ಸಾಕುಪ್ರಾಣಿ. ನಮ್ಮ ಹಿಂದಿನ ಕಾಡಿನ ಕಾಡುಕೋಣದ್ದಾದರೆ? ಅದು ಮೊದಲನೆಯ ಅನುಸೂಚಿಯ ಪ್ರಾಣಿ, ಮಾರಿ ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ ಜೈಲು. ಉಜ್ಜಿ ಹೊಳಪು ಕೊಟ್ಟ ಮೇಲೆ ಎರಡೂ ನಮ್ಮ ಕಣ್ಣಿಗೆ ಒಂದೇ.

ಅರಣ್ಯ ಕಚೇರಿಯಲ್ಲಿ ತೋರಿಸಿ ಕೇಳುವವರೆಗೆ ಯಾರಿಗೂ ಕೊಡುವುದು ಬೇಡ ಎಂದೆ. ಅಬ್ಬಾ ಸುಮ್ಮನಾದರು. ದಾದಿ ಮಾತ್ರ, ‘ತೋರಿಸು ಬೇಟಾ, ಆದರೆ ಒಳಗಿನ ನಾಸ್ ಚೆಲ್ಲಬೇಡ, ಅದು ನಿನ್ನ ದಾದಾ ತುಂಬಿಟ್ಟದ್ದು’ ಎಂದರು.