ಹಚ್ಚುವ ಮುನ್ನ ಕೇಳಿ: ಬಸುರಿ, ಬಾಣಂತಿಯ ಚರ್ಮಕ್ಕೆ ಎಂಟು ಸೂತ್ರಗಳು

ಗೊಟ್ಟಿಗೆರೆಯಲ್ಲಿ ಬನ್ನೇರುಘಟ್ಟ ರಸ್ತೆಯ ಯಾವ ಮೆಡಿಕಲ್ ಶಾಪಿನ ಮುಂದೆ ಸಂಜೆ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ." ಕೇಳುತ್ತಿರುವವಳಿಗೆ ಮೂರು ತಿಂಗಳು ಎಂದು ಅಂಗಡಿಯವನಿಗೆ ಗೊತ್ತಾಗುವುದಿಲ್ಲ, ಅವಳೂ ಹೇಳುವುದಿಲ್ಲ. ಇನ್ನೊಂದು ಮನೆಯಲ್ಲಿ, ಬಸುರು ಖಚಿತವಾದ ದಿನವೇ ಇಸುಬಿನ ಮುಲಾಮನ್ನು ಕಸಕ್ಕೆ ಹಾಕಿದವಳು ರಾತ್ರಿಯಿಡೀ ಕೆರೆದುಕೊಳ್ಳುತ್ತಾ ಕೂತಿರುತ್ತಾಳೆ. ಇಬ್ಬರಿಗೂ ನನ್ನ ಮಾತು ಒಂದೇ. ಹಚ್ಚುವುದಾದರೂ ಕೇಳಿ, ಬಿಡುವುದಾದರೂ ಕೇಳಿ.

1. ತಾಯಿ ಕಾರ್ಡಿನ ಜೊತೆ ಟ್ಯೂಬುಗಳನ್ನೂ ಒಯ್ಯಿರಿ. "ಬಿಳಿ ಟ್ಯೂಬು, ಕೆಂಪು ಮುಚ್ಚಳ" ಎಂದರೆ ಯಾವ ಡಾಕ್ಟರಿಗೂ ತಿಳಿಯದು. ಮುಲಾಮು, ಮಾತ್ರೆಯ ಖಾಲಿ ಸ್ಟ್ರಿಪ್, ಫೇರ್‌ನೆಸ್ ಕ್ರೀಮು, ಊರಿನಿಂದ ಅಮ್ಮ ಕಳಿಸಿದ ಎಣ್ಣೆ, ಎಲ್ಲವನ್ನೂ ಒಂದೇ ಕವರಿಗೆ ಹಾಕಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಜಯನಗರದ ಜನರಲ್ ಆಸ್ಪತ್ರೆಗೆ ಹೋಗಿ, ವಾಣಿವಿಲಾಸಕ್ಕೆ ಹೋಗಿ, ಆ ಕವರು ಕೈಯಲ್ಲಿರಲಿ.

2. ಕೆಲವನ್ನು ಮುಟ್ಟಲೇಬಾರದು. ಮೊಡವೆಯ ಐಸೊಟ್ರೆಟಿನಾಯಿನ್ ಮಾತ್ರೆ ಮಗುವಿನ ಹೃದಯ, ಮೆದುಳು, ಕಿವಿಗಳ ಬೆಳವಣಿಗೆಯನ್ನೇ ಕೆಡಿಸಬಲ್ಲದು. ಬಸುರಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ನಿಲ್ಲಿಸಬೇಕು. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ನಿಲ್ಲಿಸಿದ ಮೇಲೆ 3 ವರ್ಷ ಕಾಯಬೇಕು. ಮೆಥೊಟ್ರೆಕ್ಸೇಟ್ ಕೂಡ ಸಲ್ಲದು. ಹಚ್ಚುವ ಟ್ರೆಟಿನಾಯಿನ್, ಅಡಾಪಲೀನ್, ಹೈಡ್ರೋಕ್ವಿನೋನ್ ಕ್ರೀಮುಗಳನ್ನೂ ಪಕ್ಕಕ್ಕಿಡಿ. ಗೊತ್ತಿಲ್ಲದೆ ಬಳಸಿದ್ದರೆ ಮನಸ್ಸಿನಲ್ಲೇ ಕೊರಗಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ. ಮೊಡವೆಗೆ ಅಜೆಲಾಯಿಕ್ ಆಸಿಡ್‌ನಂಥ ಬೇರೆ ದಾರಿಗಳಿವೆ.

3. ಸ್ಟೀರಾಯ್ಡ್ ಎಂದ ಕೂಡಲೇ ಹೆದರಬೇಡಿ, ಹಾಗೆಂದು ಸಲಿಗೆಯೂ ಬೇಡ. ಇಸುಬಿಗೆ ಡಾಕ್ಟರು ಬರೆದುಕೊಟ್ಟ ಸೌಮ್ಯ ಸ್ಟೀರಾಯ್ಡ್ ಮುಲಾಮನ್ನು ಬಸುರಿನಲ್ಲೂ ಹಚ್ಚಬಹುದು. ಕೆರೆದು ಗಾಯವಾಗಿ ಕೀವು ತುಂಬುವುದಕ್ಕಿಂತ ಅದು ಎಷ್ಟೋ ವಾಸಿ. ನನಗೆ ಸಿಟ್ಟು ಬರುವುದು ಹುಳುಕಡ್ಡಿಗೆ ಕೊಡುವ ಬೆರಕೆ ಕ್ರೀಮಿನ ಮೇಲೆ. ಪ್ರಬಲ ಸ್ಟೀರಾಯ್ಡು, ಶಿಲೀಂಧ್ರದ ಮದ್ದು, ಆಂಟಿಬಯಾಟಿಕ್ಕು, ಮೂರೂ ಒಂದೇ ಟ್ಯೂಬಿನಲ್ಲಿ. ಎರಡು ದಿನಕ್ಕೆ ತುರಿಕೆ ಅಡಗುತ್ತದೆ, ತಿಂಗಳಿಗೆ ಸೊಂಟದಿಂದ ತೊಡೆಯವರೆಗೆ ಹಬ್ಬಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡುಗಳ ಕ್ರೀಮನ್ನು ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಚೀಟಿ ಕೇಳುವ ಅಂಗಡಿ ಎಷ್ಟಿವೆ, ನೀವೇ ನೋಡಿದ್ದೀರಿ. ಹುಳುಕಡ್ಡಿಗೆ ಬರೀ ಕ್ಲೋಟ್ರಿಮಜೋಲ್ ಸಾಮಾನ್ಯವಾಗಿ ಸುರಕ್ಷಿತ. ಮಾತ್ರೆಯನ್ನು ಮಾತ್ರ ಸ್ವಂತಕ್ಕೆ ನುಂಗಬೇಡಿ.

4. ಅಂಗೈ, ಅಂಗಾಲು ತುರಿಸಿದರೆ ಕಾಯಬೇಡಿ. ಆರು ತಿಂಗಳು ದಾಟಿದ ಮೇಲೆ ಗುಳ್ಳೆಯೇನೂ ಇಲ್ಲದೆ, ರಾತ್ರಿ ಹೆಚ್ಚಾಗಿ ಅಂಗೈ ಅಂಗಾಲು ತುರಿಸುವುದು ಪಿತ್ತಜನಕಾಂಗದ (ಲಿವರಿನ) ತೊಂದರೆಯ ಸೂಚನೆ ಇರಬಹುದು. ರಕ್ತದಲ್ಲಿ ಪಿತ್ತಾಮ್ಲದ ಮಟ್ಟ ನೋಡಬೇಕು, ತೀರಾ ಏರಿದರೆ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೇ ಅಪಾಯ. "ಬಸುರಿಯರಿಗೆ ತುರಿಕೆ ಇದ್ದದ್ದೇ" ಎಂದು ಅತ್ತೆ ಹೇಳಿದರೂ ಮರುದಿನವೇ ಆಸ್ಪತ್ರೆಗೆ ಹೊರಡಿ. ಹೊಕ್ಕುಳ ಸುತ್ತ ನೀರುಗುಳ್ಳೆ ಎದ್ದರೂ ಹಾಗೆಯೇ. ಹೊಟ್ಟೆಯ ಬಿರುಕುಗೆರೆಗಳ ಮೇಲೆ, ಹೊಕ್ಕುಳ ಬಿಟ್ಟು, ಕೆಂಪಗೆ ಏಳುವ ದದ್ದು ಸಾಮಾನ್ಯವಾಗಿ ನಿರಪಾಯಕಾರಿ, ಹೆರಿಗೆಯಾದ ಮೇಲೆ ತಾನೇ ಇಳಿಯುತ್ತದೆ.

5. ನೀರಿನ ಕಡೆ ನೋಡಿ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ತುಂಬಿದ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೇ? ಗಡಸು ನೀರಿಗೆ ಸೋಪು ಹೆಚ್ಚು ಬೇಕು, ಚರ್ಮ ಬೇಗ ಒಣಗುತ್ತದೆ. ಬಾಣಂತಿಗೆ ಸುಡುಸುಡು ನೀರು ಹೊಯ್ಯುವವರಿಗೆ ಉಗುರು ಬೆಚ್ಚಗೆ ಸಾಕೆಂದು ಹೇಳಿ. ಮೈ ಒದ್ದೆ ಆರುವ ಮೊದಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ.

6. ಕಜ್ಜಿಗೆ ಮನೆಮಂದಿಗೆಲ್ಲ ಒಂದೇ ರಾತ್ರಿ ಮದ್ದು. ಪರ್ಮೆಥ್ರಿನ್ 5% ಕ್ರೀಮನ್ನು ಬಸುರಿಯೂ ಹಚ್ಚಬಹುದು. ಕತ್ತಿನಿಂದ ಕಾಲ್ಬೆರಳ ಸಂದಿಯವರೆಗೆ ಹಚ್ಚಿ, ಬೆಳಿಗ್ಗೆ ತೊಳೆದು, ವಾರ ಬಿಟ್ಟು ಮತ್ತೊಮ್ಮೆ. ಗಂಡ ಹಚ್ಚಿಕೊಳ್ಳದಿದ್ದರೆ ಕಜ್ಜಿ ವಾಪಸ್ಸು ಬರುತ್ತದೆ.

7. ಮುಖದ ಬಂಗಿಗೆ ಅವಸರ ಬೇಡ. ಬಹಳಷ್ಟು ಮಂದಿಗೆ ಹೆರಿಗೆಯ ನಂತರ ತಿಳಿಯಾಗುತ್ತದೆ. ಕೊಡೆ, ಸೆರಗು, ಜಿಂಕ್ ಆಕ್ಸೈಡ್ ಸನ್‌ಸ್ಕ್ರೀನು ಸದ್ಯಕ್ಕೆ ಸಾಕು. ಹೆಸರು, ವಿಳಾಸ ಇಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರಬಹುದು. ಅದು ಮಗುವಿನ ರಕ್ತಕ್ಕೂ ಎದೆಹಾಲಿಗೂ ಇಳಿಯುತ್ತದೆ.

8. ಹಾಲೂಡಿಸುವಾಗ ಎದೆಯ ಸುತ್ತ ಹಚ್ಚಿದ್ದೆಲ್ಲ ಮಗುವಿನ ಬಾಯಿಗೆ. ತೊಟ್ಟು ಬಿರಿದಿದ್ದರೆ ಮುಲಾಮಿಗೆ ಮೊದಲು ಮಗು ಹಿಡಿಯುವ ರೀತಿ ಸರಿಮಾಡಿಕೊಳ್ಳಿ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗಿರಬೇಕು. ಕೊನೆಯಲ್ಲಿ ನಾಲ್ಕು ಹನಿ ಹಾಲು ಸವರಿ ಗಾಳಿಗೆ ಆರಲು ಬಿಡಿ. ಅಲ್ಲಿ ಇಸುಬೇ ಆಗಿದ್ದರೆ ಡಾಕ್ಟರು ಕೊಟ್ಟ ಮುಲಾಮನ್ನು ಹಾಲೂಡಿಸಿದ ಕೂಡಲೇ ತೆಳ್ಳಗೆ ಹಚ್ಚಿ, ಮುಂದಿನ ಸಲ ಮಗುವನ್ನು ಎತ್ತಿಕೊಳ್ಳುವ ಮುಂಚೆ ಒದ್ದೆ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ. ಪರ್ಮೆಥ್ರಿನ್ ಹಚ್ಚಿದ ರಾತ್ರಿಯೂ ಎದೆ ತೊಳೆದು ಹಾಲು ಕೊಡಿ, ಆಮೇಲೆ ಅಲ್ಲಿ ಮತ್ತೆ ಹಚ್ಚಿ.