ಕಂಬವನ್ನು ನೆಟ್ಟಗೆ ತೋರಿಸುವ ಮಸೂರ

ನಮ್ಮೂರಿಗೆ ಸಮೀಪದ ಸುಲ್ತಾನ್ ಬತ್ತೇರಿಯ ಜೈನ ಬಸದಿಯ ಛಾಯಾಚಿತ್ರವನ್ನು ನಾನು ಹಿಂದೊಮ್ಮೆ ತೆಗೆದಾಗ, ನೆಟ್ಟಗಿದ್ದ ಕಲ್ಲುಕಂಬಗಳು ಚಿತ್ರದಲ್ಲಿ ಒಂದರತ್ತ ಒಂದು ವಾಲಿದ್ದವು. ತಪ್ಪು ಶಿಲ್ಪಿಯದಲ್ಲ, ನನ್ನದು. ತುದಿಯೂ ಬರಲೆಂದು ಕ್ಯಾಮೆರಾವನ್ನು ಮೇಲ್ಮುಖವಾಗಿ ಓರೆಮಾಡಿದ್ದೆ. ಹಾಗೆ ಮಾಡಿದಾಗ ಒಳಗಿನ ಫಿಲ್ಮು (ಇಂದಾದರೆ ಸಂವೇದಕ ಫಲಕ) ಕಂಬಕ್ಕೆ ಸಮಾನಾಂತರವಾಗಿ ಉಳಿಯದು. ಲಂಬರೇಖೆಗಳು ದೂರದ ರೈಲು ಹಳಿಗಳಂತೆ ಕೂಡುತ್ತಾ ಹೋಗುತ್ತವೆ.

ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದರೆ ಕಂಬ ನೆಟ್ಟಗಾಗುತ್ತದೆ. ಆದರೆ ತುದಿ ಚೌಕಟ್ಟಿನ ಹೊರಗುಳಿದು, ಅಂಗಳವೇ ಚಿತ್ರವನ್ನು ತುಂಬುತ್ತದೆ. ಇಲ್ಲಿಯೇ ಸರಿಸುವ ಮಸೂರದ ಉಪಯೋಗ. ಅದು ಮೂಡಿಸುವ ದುಂಡು ಬಿಂಬ ಫಿಲ್ಮಿನ ಅಗತ್ಯಕ್ಕಿಂತ ದೊಡ್ಡದು. ಕ್ಯಾಮೆರಾವನ್ನು ಅಲುಗಿಸದೆ ಮಸೂರವನ್ನಷ್ಟೇ ಮೇಲಕ್ಕೆ ಸರಿಸಿದರೆ, ಬಿಂಬದ ಬೇರೊಂದು ಭಾಗ ಫಿಲ್ಮಿನ ಮೇಲೆ ಬಿದ್ದು ಕಂಬದ ತುದಿಯೂ ಸೇರುತ್ತದೆ. 1960ರ ದಶಕದ ಆರಂಭದಲ್ಲಿ ನಿಕಾನ್ ಸಂಸ್ಥೆ ಹೊರತಂದ ಇಂಥ ಮಸೂರವು 11 ಮಿ.ಮೀ.ವರೆಗೆ ಸರಿಯುತ್ತಿತ್ತು.

ಇಂದು ಗಣಕಯಂತ್ರದಲ್ಲಿಯೂ ವಾಲಿಕೆಯನ್ನು ತಿದ್ದಬಹುದು. ಆದರೆ ಹಿಗ್ಗಿಸಿದ ಭಾಗದಲ್ಲಿ ಸೂಕ್ಷ್ಮ ವಿವರ ಕುಂದುತ್ತದೆ, ಅಂಚೂ ಕತ್ತರಿಸಿಹೋಗುತ್ತದೆ. ಆದುದರಿಂದ ಬಸದಿಗಳ ಚಿತ್ರ ತೆಗೆಯುವ ನಮ್ಮ ಹಳೆಯ ವಿದ್ಯಾರ್ಥಿಗಳು, ಇಂಥ ಮಸೂರವಿಲ್ಲದಿದ್ದರೆ, ಸ್ಥಳವಿರುವಲ್ಲಿ ಹಿಂದೆ ಸರಿದು ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯಲಿ. ನಾಳೆ ಕಂಬ ನಿಜವಾಗಿಯೇ ವಾಲಿದರೆ, ಹಿಂದೆ ಅದು ನೆಟ್ಟಗಿತ್ತೆಂದು ಸಾಕ್ಷಿ ನುಡಿಯಬೇಕಾದುದು ಇಂದಿನ ಚಿತ್ರವೇ ಅಲ್ಲವೇ?